ಕೇಸ್ ಸವೆದಿದೆಯಾ, ತೋಟಾ ಸೊಟ್ಟಗಿದೆಯಾ? ಮೊದಲು ಡೈ ಮೇಲೆ ಕಣ್ಣಿಡಿ

ಶನಿವಾರ ಬೆಳಗ್ಗೆ ರೇಂಜಿನಲ್ಲಿ ಹನ್ನೊಂದನೇ ತೋಟಾ ಹಾರಿಸಿದೆ. ಸದ್ದು ಮಾಮೂಲಿ, ಭುಜಕ್ಕೆ ಬಿದ್ದ ಒದೆತವೂ ಮಾಮೂಲಿ. ಬೋಲ್ಟ್ (ರೈಫಲನ್ನು ಹಿಂದಿನಿಂದ ಮುಚ್ಚುವ ಚಿಲಕ) ಎಳೆದರೆ ಟೇಬಲ್ ಮೇಲೆ ಬಿದ್ದದ್ದು ಹೆಬ್ಬೆರಳ ಉಗುರಿನಷ್ಟು ಉದ್ದದ ಹಿತ್ತಾಳೆ ಬಿಲ್ಲೆ. ಕೇಸಿನ ಬುಡ ಮಾತ್ರ! ಉಳಿದದ್ದೆಲ್ಲ ಚೇಂಬರಿನೊಳಗೇ, ಅಂದರೆ ತೋಟಾ ಕೂರುವ ಗೂಡಿನೊಳಗೇ ಅಂಟಿಕೊಂಡಿತ್ತು. ಕನ್ನಡಕ ಹಾಕಿದ್ದೆ, ಕಣ್ಣಿಗೆ ಏನೂ ಆಗಲಿಲ್ಲ. ಕೈ ಮಾತ್ರ ಹತ್ತು ನಿಮಿಷ ನಡುಗುತ್ತಿತ್ತು.

ಹಾರಿಸಿದ ಹಿತ್ತಾಳೆ ಕೇಸಿಗೆ ಮನೆಯಲ್ಲೇ ಮತ್ತೆ ಮದ್ದು, ಗುಂಡು ತುಂಬಿ ಬಳಸುವ ಹವ್ಯಾಸ ನನ್ನದು. ಆ ಕೇಸುಗಳನ್ನು 'ಒಂದೇ ಸಲ ಹಾರಿಸಿದ್ದು' ಎಂದು ಹೇಳಿ ಒಬ್ಬರು ನನಗೆ ಮಾರಿದ್ದರು. ಎರಡು ತಿಂಗಳು ಅವರನ್ನೇ ಬೈದುಕೊಂಡು ಓಡಾಡಿದೆ. ಆಮೇಲೆ ಕ್ಯಾಲಿಪರ್ ಹಿಡಿದು ಅಳೆದಾಗ ಗೊತ್ತಾಯಿತು, ಕೇಸ್ ಕೊಂದದ್ದು ಅವರಲ್ಲ, ನನ್ನ ಮನೆಯ ಡೈ, ಅಂದರೆ ಹಿಗ್ಗಿದ ಕೇಸನ್ನು ಪ್ರೆಸ್ಸಿನಲ್ಲಿ ಒತ್ತಿ ಮತ್ತೆ ಅಳತೆಗೆ ತರುವ ಉಕ್ಕಿನ ಅಚ್ಚು. ಅದೇ ಡೈ ನನ್ನ ತೋಟಾಗಳನ್ನು ಸೊಟ್ಟಗೂ ಮಾಡುತ್ತಿತ್ತು. ಅದಕ್ಕೇ ಕೇಸ್ ಸವೆತ ಮತ್ತು ಸೊಟ್ಟತನ ಎರಡನ್ನೂ ಒಟ್ಟಿಗೆ ಬರೆಯುತ್ತಿದ್ದೇನೆ.

ನಾನಿರುವುದು ಅಮೆರಿಕದಲ್ಲಿ. ನನ್ನದು ಬೋಲ್ಟ್ ರೈಫಲ್, .308 ವಿಂಚೆಸ್ಟರ್. 1952ರಲ್ಲಿ ಮಾರುಕಟ್ಟೆಗೆ ಬಂದ ತೋಟಾ ಮಾದರಿ ಇದು. ಕೆಳಗಿನ ಅಳತೆಗಳೆಲ್ಲ ಇದಕ್ಕೆ ಸೇರಿದ್ದು. ನಿಮ್ಮದು ಬೇರೆ ಇದ್ದರೆ ಅಂಕಿ ಬದಲಾಗುತ್ತದೆ, ನೋಡುವ ಕ್ರಮ ಅದೇ.

ಪದಗಳು ಗೊಂದಲವಾಗಬಾರದು, ಅಲ್ವಾ? ಗುಂಡು ಎಂದರೆ ಹಾರಿಹೋಗುವ ತುಂಡು. ಕೇಸ್ ಎಂದರೆ ಹಿತ್ತಾಳೆ ಕೊಳವೆ. ಪ್ರೈಮರ್ ಎಂದರೆ ಅದರ ಬುಡದ ನಡುವೆ ಕೂರುವ, ಏಟು ಬಿದ್ದಾಗ ಕಿಡಿ ಕೊಟ್ಟು ಮದ್ದು ಹೊತ್ತಿಸುವ ಪುಟ್ಟ ಬಟ್ಟಲು. ಗುಂಡು, ಕೇಸ್, ಮದ್ದು, ಪ್ರೈಮರ್ ಸೇರಿದರೆ ತೋಟಾ. ಕೇಸಿಗೆ ನಮ್ಮ ಹಾಗೇ ಬುಡ, ಒಡಲು, ಹೆಗಲು, ಕತ್ತು, ಬಾಯಿ ಇವೆ. 'ಥೌ' ಎಂದರೆ ಇಂಚಿನ ಸಾವಿರದ ಒಂದು ಭಾಗ, ಸುಮಾರು 0.025 ಮಿಲಿಮೀಟರ್.

## ಕೈ ಹಾಕುವ ಮುನ್ನ

ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಕಿಲ್ಲ. ಮಾರುವ ವ್ಯಾಪಾರಕ್ಕೆ ಬೇಕು. ಊರಲ್ಲಿ ಕೂತು ಓದುವವರಿಗೆ ಒಂದು ಮಾತು: ಭಾರತದಲ್ಲಿ 1959ರ ಶಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವಂತಿಲ್ಲ. ಕೊಡಗಿನವರಿಗೆ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿ ಬೇರೆ ವಿಷಯ, ತೋಟಾ ತಯಾರಿಸುವುದು ಬೇರೆ ವಿಷಯ.

ಮದ್ದು ಎಷ್ಟು ಹಾಕಬೇಕು ಎಂಬ ಅಳತೆ ಈ ಬರಹದಲ್ಲಿಲ್ಲ. ಅದನ್ನು ಪ್ರಕಟವಾದ ಲೋಡಿಂಗ್ ಕೈಪಿಡಿಯಿಂದಲೇ ತೆಗೆದುಕೊಳ್ಳಿ, ಪಕ್ಕದ ಬೆಂಚಿನವರ ಬಾಯಿಂದ ಬೇಡ.

ಕೇಸ್ ಪರೀಕ್ಷೆ ಮಾಡುವಾಗ ಟೇಬಲ್ ಮೇಲೆ ಮದ್ದಿನ ಡಬ್ಬಿ ಇರಬಾರದು. ಕಣ್ಣಿಗೆ ಕನ್ನಡಕ ಇರಲಿ. ಹಾರಿಸಿದ ಪ್ರೈಮರಿನ ಮಸಿಯಲ್ಲಿ ಸೀಸ ಇರುತ್ತದೆ, ಅದಕ್ಕೆ ಟೇಬಲ್ ಹತ್ತಿರ ಕಾಫಿ ಲೋಟ ಬೇಡ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಟಂಬ್ಲರಿನ (ಕೇಸ್ ಉರುಳಿಸಿ ಶುಚಿ ಮಾಡುವ ಯಂತ್ರ) ಧೂಳು ಮಕ್ಕಳು ಆಡುವ ಜಾಗಕ್ಕೆ ಹೋಗದಿರಲಿ.

## ಬೋಲ್ಟ್ ಎತ್ತಲು ಬಿಗಿ, ಪ್ರೈಮರ್ ಚಪ್ಪಟೆ

ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಹುಡುಕುತ್ತಾ ಕೂರುವ ಹಾಗಿಲ್ಲ. ಹಾರಿಸಿದ ಮೇಲೆ ಬೋಲ್ಟ್ ಹಿಡಿಕೆ ಎತ್ತಲು ಜೋರು ಬೇಕಾಯಿತು. ಪ್ರೈಮರಿನ ದುಂಡನೆ ಅಂಚು ಮಾಯವಾಗಿ ಇಸ್ತ್ರಿ ಹಾಕಿದ ಹಾಗಾಗಿದೆ. ಬುಡದ ಮೇಲೆ ಎಜೆಕ್ಟರ್ (ಬೋಲ್ಟಿನಲ್ಲಿ ಖಾಲಿ ಕೇಸನ್ನು ಹೊರಗೆ ಚಿಮ್ಮಿಸುವ ಕಡ್ಡಿ) ತೂತಿನ ಅಚ್ಚು ಹೊಳೆಯುತ್ತಿದೆ. ಈ ಮೂರೂ ಒತ್ತಡ ಜಾಸ್ತಿಯಾದ ಗುರುತು.

ಚಪ್ಪಟೆ ಪ್ರೈಮರ್ ಒಂದನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ. ಕೆಲವು ಪ್ರೈಮರುಗಳ ಲೋಹವೇ ಮೆತ್ತಗಿರುತ್ತದೆ. ಎರಡು ಗುರುತು ಒಟ್ಟಿಗೆ ಕಂಡರೆ ಆ ದಿನದ ಶೂಟಿಂಗ್ ಮುಗಿಯಿತು. ಉಳಿದ ತೋಟಾಗಳನ್ನು ಹಾರಿಸಿ ಮುಗಿಸೋಣ ಎಂಬ ಆಸೆ ಬೇಡ, ಮನೆಗೆ ತಂದು ಗುಂಡು ಕಳಚಿ. .308ಕ್ಕೆ ಅಮೆರಿಕದ ಉದ್ಯಮ ಮಾನದಂಡ ಇಟ್ಟಿರುವ ಗರಿಷ್ಠ ಒತ್ತಡ ಚದರ ಇಂಚಿಗೆ 62,000 ಪೌಂಡ್, ಅಂದರೆ 62,000 ಪಿಎಸ್‌ಐ. ಕಾರಿನ ಚಕ್ರದಲ್ಲಿ ಸುಮಾರು 32 ಇರುತ್ತದೆ.

ಇದೇ ಕಾಯಿಲೆ ಇನ್ನೊಂದು ರೂಪದಲ್ಲೂ ಕಾಣುತ್ತದೆ. ಹೊಸ ಪ್ರೈಮರ್ ಕೂರಿಸುವಾಗ ಕೈಗೆ ಏನೂ ತಡೆ ಸಿಗದೆ ಸುಮ್ನೆ ಜಾರಿ ಒಳಗೆ ಹೋಗುತ್ತದೆ. ಪ್ರೈಮರ್ ಗುಳಿ ಅಗಲವಾಗಿದೆ ಎಂದರ್ಥ. ಹತ್ತಾರು ಸಲ ಹಾರಿಸಿದ ಕೇಸಿನಲ್ಲಿ ಹೀಗಾದರೆ ಅದು ವಯಸ್ಸು. ಮೂರನೇ ಸಲಕ್ಕೇ ಆದರೆ ತುಂಬಿದ ಮದ್ದಿನ ಒತ್ತಡ ಜಾಸ್ತಿ. ಹೇಗಾದರೂ ಆ ಕೇಸ್ ಮತ್ತೆ ಬಳಸುವಂತಿಲ್ಲ. ಬಿಸಿ ಅನಿಲ ಪ್ರೈಮರ್ ಸುತ್ತ ನುಗ್ಗಿ ಬೋಲ್ಟ್ ಮುಖವನ್ನೇ ಕೊರೆಯುತ್ತದೆ.

## ಕತ್ತಿನಲ್ಲಿ ಕೂದಲೆಳೆಯಂಥ ಸೀಳು

ಖರ್ಚೇ ಇಲ್ಲದ ಪರೀಕ್ಷೆ: ಕಿಟಕಿ ಬೆಳಕು, ಎರಡು ಬೆರಳು. ಕೇಸ್ ತಿರುಗಿಸುತ್ತಾ ಕತ್ತಿನ ಮೇಲೆ ಉಗುರು ಆಡಿಸಿ. ಸೀಳು ಇದ್ದರೆ ಉಗುರು ತಡೆಯುತ್ತದೆ. ಇನ್ನೊಂದು ಉಪಾಯ, ನಾಲ್ಕೈದು ಕೇಸ್ ಅಂಗೈಯಲ್ಲಿ ಹಾಕಿ ಕುಲುಕಿ. ಸರಿ ಇದ್ದವು ಟಿಣ್ ಎನ್ನುತ್ತವೆ. ಸೀಳಿದ್ದು ಒಡೆದ ಗಂಟೆಯ ಹಾಗೆ ಬಡ್ಡು ಸದ್ದು ಮಾಡುತ್ತದೆ. ಕಿವಿ ಪಳಗಲು ಒಂದು ವಾರ ಸಾಕು.

ತಂತಿಯನ್ನು ಅತ್ತ ಇತ್ತ ಬಗ್ಗಿಸಿದರೆ ಒಂದು ಹಂತದಲ್ಲಿ ಮುರಿಯುತ್ತದಲ್ವಾ? ಕತ್ತಿಗೂ ಅದೇ ಪಾಡು. ಹಾರಿಸಿದಾಗ ಹಿಗ್ಗುತ್ತದೆ, ಡೈಯಲ್ಲಿ ಕುಗ್ಗುತ್ತದೆ, ಮತ್ತೆ ಹಿಗ್ಗುತ್ತದೆ. ಹಿತ್ತಾಳೆ ಗಟ್ಟಿಯಾಗಿ ಪೆಡಸಾಗುತ್ತದೆ. ಕತ್ತಿನ ಸೀಳು ಸಾಮಾನ್ಯವಾಗಿ ಅಪಾಯ ತರುವುದಿಲ್ಲ, ಆದರೆ ಆ ಕೇಸಿನ ಆಯಸ್ಸು ಮುಗಿಯಿತು. ಒಂದು ಸೀಳಿದರೆ ಅದೇ ಡಬ್ಬಿಯ ಉಳಿದವೂ ಸಾಲಿನಲ್ಲಿ ನಿಂತಿವೆ ಅಂತ ತಿಳಿಯಿರಿ. ಸೀಳು ಹೆಗಲಿನಿಂದ ಕೆಳಕ್ಕೆ, ಒಡಲಿಗೆ ಇಳಿದಿದ್ದರೆ ಮಾತ್ರ ಇಡೀ ಡಬ್ಬಿಯನ್ನೇ ಪಕ್ಕಕ್ಕಿಡಿ.

ಎಸೆಯುವ ಕೇಸನ್ನು ಇಕ್ಕಳದಲ್ಲಿ ಹಿಸುಕಿ ಎಸೆಯಿರಿ. ಇಲ್ಲದಿದ್ದರೆ ಅದು ಹೇಗೋ ಮತ್ತೆ ಒಳ್ಳೆಯ ಡಬ್ಬಿಗೆ ಬಂದು ಸೇರುತ್ತದೆ. ನನ್ನ ಮನೆಯಲ್ಲಿ ಎರಡು ಸಲ ಬಂದಿದೆ.

## ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗಿದೆ, ಅಥವಾ ಹಾರಿಸದೆಯೇ ಬಿರುಕು ಬಿಟ್ಟಿದೆ

ಕೇಸಿನ ಹಿತ್ತಾಳೆಯಲ್ಲಿ 70 ಭಾಗ ತಾಮ್ರ, 30 ಭಾಗ ಸತು. ಹುಳಿ ನೀರಿನಲ್ಲಿ ಜಾಸ್ತಿ ಹೊತ್ತು ನೆನೆಸಿದರೆ ಮೇಲ್ಮೈಯ ಸತು ಕರಗಿ ತಾಮ್ರ ಉಳಿಯುತ್ತದೆ, ಗುಲಾಬಿ ಕಾಣುವುದು ಅದಕ್ಕೆ. ಅಜ್ಜಿ ಹುಣಸೆಹಣ್ಣು ಹಾಕಿ ಚೊಂಬು ತಿಕ್ಕಿದ ತಕ್ಷಣ ತೊಳೆದುಬಿಡುತ್ತಿದ್ದರು. ಸಿಟ್ರಿಕ್ ಆಸಿಡ್ ಹಾಕಿ ಕೇಸ್ ತೊಳೆಯುವವರೂ ಹಾಗೇ ಮಾಡಬೇಕು. ಸ್ವಲ್ಪ ಪುಡಿ, ಸ್ವಲ್ಪ ಹೊತ್ತು, ಚೆನ್ನಾಗಿ ಜಾಲಿಸುವುದು. ತೆಳುವಾಗಿ ಗುಲಾಬಿ ಬಣ್ಣ ಬಂದದ್ದು ಬರೀ ಚರ್ಮದ ಕಲೆ. ಕೆರೆದರೂ ಹೋಗದಷ್ಟು ಇದ್ದರೆ ಎಸೆಯಿರಿ.

ಬಿರುಕಿನ ಕತೆ ಬೇರೆ, ಮತ್ತು ಅದು ನಮ್ಮ ದೇಶದ್ದೇ. ಬ್ರಿಟಿಷ್ ಸೇನೆ ಭಾರತದಲ್ಲಿ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಯಾರೂ ಮುಟ್ಟದೆಯೇ ಅವು ಬಿರುಕು ಬಿಡುತ್ತಿದ್ದವು. ಮಳೆಗಾಲದಲ್ಲಿ ಬರುವ ಕಾಯಿಲೆ ಎಂದು ಅದಕ್ಕೆ 'ಸೀಸನ್ ಕ್ರ್ಯಾಕಿಂಗ್' ಎಂಬ ಹೆಸರೇ ಬಿತ್ತು. 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಕಾರಣ ವಿವರಿಸಿದರು. ಕುದುರೆ ಮೂತ್ರದಿಂದ ಏಳುವ ಅಮೋನಿಯ, ಜತೆಗೆ ಕೇಸ್ ತಯಾರಿಸುವಾಗ ಹಿತ್ತಾಳೆಯೊಳಗೆ ಉಳಿದ ಬಿಗಿತ. ಎರಡೂ ಸೇರಿದರೆ ಬಿರುಕು. ನಮಗೆ ಇದರ ಪಾಠ ಇಷ್ಟೇ: ಅಮೋನಿಯ ಇರುವ ಲೋಹದ ಪಾಲಿಶ್ ಹಾಕಿ ಕೇಸ್ ಹೊಳೆಯಿಸಬೇಡಿ. ಹೊಳಪಿಗೂ ಗುರಿಗೂ ಸಂಬಂಧವೇ ಇಲ್ಲ.

## ಬುಡದ ಸ್ವಲ್ಪ ಮೇಲೆ ಬೆಳ್ಳಗೆ ಹೊಳೆಯುವ ಉಂಗುರ

ನನ್ನ ಕೇಸ್ ಎರಡಾದದ್ದು ಇಲ್ಲಿಯೇ. ಬುಡದ ಅಂಚಿನಿಂದ ಕಾಲು ಇಂಚಿಗಿಂತ ಸ್ವಲ್ಪ ಮೇಲೆ ನೋಡಿ. ಒಳಗೆ ದಪ್ಪ ಲೋಹ ಮುಗಿದು ತೆಳು ಗೋಡೆ ಶುರುವಾಗುವ ಜಾಗ ಅದು. ಕೂದಲೆಳೆಯಷ್ಟು ತೆಳುವಾದ ಹೊಳೆಯುವ ಗೆರೆ ಸುತ್ತಲೂ ಇದ್ದರೆ ಎಚ್ಚರ.

ಹೊಳೆಯುವುದೆಲ್ಲ ಅಪಾಯವಲ್ಲ. ಡೈ ಒಡಲನ್ನು ಹಿಂಡಿ ನಿಲ್ಲಿಸಿದ ಜಾಗದಲ್ಲೂ ಅಗಲವಾದ ಹೊಳಪಿನ ಪಟ್ಟಿ ಬೀಳುತ್ತದೆ. ಅದು ನಿರಪಾಯ. ಎರಡನ್ನೂ ಬೇರ್ಪಡಿಸಲು ಕಾಗದದ ಕ್ಲಿಪ್ ಒಂದು ಸಾಕು. ಕ್ಲಿಪ್ ನೇರ ಮಾಡಿ, ತುದಿಯನ್ನು ಎರಡು ಮಿಲಿಮೀಟರಿನಷ್ಟು ಅಡ್ಡಕ್ಕೆ ಬಗ್ಗಿಸಿ, ತುದಿಯನ್ನು ಕಲ್ಲಿಗೆ ಉಜ್ಜಿ ಚೂಪು ಮಾಡಿ. ಖಾಲಿ ಕೇಸಿನ ಬಾಯಿಂದ ತಳದವರೆಗೆ ಇಳಿಸಿ, ಗೋಡೆಗೆ ಒತ್ತಿ ನಿಧಾನ ಮೇಲಕ್ಕೆ ಎಳೆಯಿರಿ. ಒಳ್ಳೆಯ ಕೇಸಿನಲ್ಲಿ ತಂತಿ ನುಣ್ಣಗೆ ಮೇಲೆ ಬರುತ್ತದೆ. ಕೆಟ್ಟದ್ದರಲ್ಲಿ ಟಕ್ ಎಂದು ಒಂದು ಕಾಲುವೆಗೆ ಇಳಿದು ಹತ್ತುತ್ತದೆ. ಆ ಟಕ್ ಒಮ್ಮೆ ಬೆರಳಿಗೆ ಸಿಕ್ಕರೆ ಮರೆಯುವುದಿಲ್ಲ.

ಅನುಮಾನ ಉಳಿದರೆ ಒಂದು ಕೇಸ್ ಬಲಿ ಕೊಡಿ. ಪ್ರೈಮರ್ ತೆಗೆದ ಖಾಲಿ ಕೇಸನ್ನು ಹ್ಯಾಕ್ಸಾದಲ್ಲಿ ಉದ್ದಕ್ಕೆ ಸೀಳಿ, ಅಂಚನ್ನು ಅರದಿಂದ ಉಜ್ಜಿ ನೋಡಿ. ಗೋಡೆಯಲ್ಲಿ ತಗ್ಗು ಕಂಡರೆ ಆ ಗುಂಪನ್ನೆಲ್ಲ ಎಸೆಯಿರಿ. ನಾನು ಸೀಳಿದ ಕೇಸಿನಲ್ಲಿ ಗೋಡೆ ಅರ್ಧಕ್ಕೆ ಇಳಿದಿತ್ತು. ಹೊರಗಿನಿಂದ ಅದು ಮದುಮಗನ ಹಾಗೆ ಹೊಳೆಯುತ್ತಿತ್ತು!

ಈಗ ಕಾರಣ. .308ರಂಥ ಕೇಸ್ ಚೇಂಬರಿನಲ್ಲಿ ನಿಲ್ಲುವುದು ಹೆಗಲಿನ ಮೇಲೆ. ಹೆಗಲು ತಾಗುವ ಜಾಗದಿಂದ ಬೋಲ್ಟ್ ಮುಖದವರೆಗಿನ ಅಂತರಕ್ಕೆ ಹೆಡ್‌ಸ್ಪೇಸ್ ಎನ್ನುತ್ತಾರೆ. ಡೈ ಹೆಗಲನ್ನು ಜಾಸ್ತಿ ಹಿಂದಕ್ಕೆ ತಳ್ಳಿದರೆ ಕೇಸ್ ಚೇಂಬರಿನಲ್ಲಿ ಹಿಂದೆ ಮುಂದೆ ಆಡುತ್ತದೆ. ಪ್ರೈಮರಿಗೆ ಬಡಿಯುವ ಫೈರಿಂಗ್ ಪಿನ್ ಏಟಿಗೆ ಇಡೀ ಕೇಸ್ ಮುಂದಕ್ಕೆ ಹೋಗುತ್ತದೆ. ಒತ್ತಡ ಏರಿದಾಗ ತೆಳು ಗೋಡೆ ಹಿಗ್ಗಿ ಚೇಂಬರಿಗೆ ಕಚ್ಚಿಕೊಳ್ಳುತ್ತದೆ. ದಪ್ಪ ಬುಡ ಮಾತ್ರ ಬೋಲ್ಟಿನವರೆಗೂ ಹಿಂದಕ್ಕೆ ಸರಿಯುತ್ತದೆ. ನಡುವಿನ ಲೋಹ ರಬ್ಬರಿನ ಹಾಗೆ ಎಳೆದುಕೊಳ್ಳುತ್ತದೆ. ಪ್ರತಿ ಸಲ ಸ್ವಲ್ಪ ಸ್ವಲ್ಪ.

ಎಷ್ಟು ತಳ್ಳುತ್ತಿದ್ದೀರಿ ಎಂದು ತಿಳಿಯಲು ಕ್ಯಾಲಿಪರಿಗೆ ಸಿಕ್ಕಿಸುವ ಹೆಡ್‌ಸ್ಪೇಸ್ ಗೇಜ್ ಬೇಕು. ಖರ್ಚಿನ ಮಟ್ಟಿಗೆ ಇದು ಎರಡನೇ ಮೆಟ್ಟಿಲು. ಈ ಇಡೀ ಹವ್ಯಾಸದಲ್ಲಿ ನಾನು ಕೊಟ್ಟ ಹಣಕ್ಕೆ ಅತಿ ಹೆಚ್ಚು ಬೆಲೆ ಬಂದದ್ದು ಇದರಿಂದಲೇ. ಗೇಜಿನ ತೂತು ಹೆಗಲಿನ ಮೇಲೆ 0.400 ಇಂಚು ವ್ಯಾಸ ಇರುವ ಕಡೆ ಕೂರುತ್ತದೆ. ಮೊದಲು ಹಾರಿಸಿದ ಪ್ರೈಮರ್ ತೆಗೆಯಿರಿ, ಅದು ಉಬ್ಬಿದ್ದರೆ ಅಳತೆ ಸುಳ್ಳು ಹೇಳುತ್ತದೆ. ಐದಾರು ಕೇಸ್ ಅಳೆದು ಅತಿ ಉದ್ದದ್ದನ್ನು ಬರೆದಿಡಿ. ಆಮೇಲೆ ಡೈಯಲ್ಲಿ ಒತ್ತಿ ಮತ್ತೆ ಅಳೆಯಿರಿ.

ನನ್ನವು ಹಾರಿಸಿದ ಮೇಲೆ 1.632 ಇಂಚು, ಒತ್ತಿದ ಮೇಲೆ 1.622. ಹತ್ತು ಥೌ ವ್ಯತ್ಯಾಸ! ಬೋಲ್ಟ್ ರೈಫಲಿಗೆ ಒಂದೆರಡು ಥೌ ಸಾಕು. ಸೆಮಿ ಆಟೊಮ್ಯಾಟಿಕ್ ಆದರೆ ಮೂರು ನಾಲ್ಕು. ನಾನು ಡೈ ಜತೆ ಬಂದ ಚೀಟಿ ಓದಿ, ಶೆಲ್ ಹೋಲ್ಡರಿಗೆ (ಪ್ರೆಸ್ಸಿನಲ್ಲಿ ಕೇಸಿನ ಬುಡ ಹಿಡಿಯುವ ತುಂಡು) ತಾಗಿದ ಮೇಲೆ ಇನ್ನೂ ಕಾಲು ಸುತ್ತು ಬಿಗಿದಿದ್ದೆ. ಚೀಟಿ ಬರೆದವರು ಎಲ್ಲರ ರೈಫಲಿಗೂ ಹೊಂದುವ ಹಾಗೆ ಬರೆದಿರುತ್ತಾರೆ. ನನ್ನ ಚೇಂಬರ್ ಅವರಿಗೆ ಹೇಗೆ ಗೊತ್ತಾಗಬೇಕು? ಕೇಸ್ ಮಾರಿದವರನ್ನು ಬೈದದ್ದಕ್ಕೆ ಅವತ್ತು ನಾಚಿಕೆಯಾಯಿತು.

ಸರಿಪಡಿಸುವುದು ಸುಲಭ. ಡೈಯನ್ನು ಒಂದು ಸುತ್ತು ಮೇಲಕ್ಕೆ ಬಿಚ್ಚಿ. ಒಂದು ಕೇಸ್ ಒತ್ತಿ ಅಳೆಯಿರಿ, ಸ್ವಲ್ಪ ಕೆಳಗೆ ತಿರುಗಿಸಿ, ಮತ್ತೆ ಒತ್ತಿ ಅಳೆಯಿರಿ. ಮಾಮೂಲಿ ಡೈಗೆ ಇಂಚಿಗೆ 14 ಸುತ್ತು ಎಳೆ ಇರುತ್ತದೆ. ಅಂದರೆ ಪೂರ್ತಿ ಒಂದು ಸುತ್ತಿಗೆ 71 ಥೌ, ಹದಿನಾರನೇ ಒಂದು ಸುತ್ತಿಗೆ ನಾಲ್ಕೂವರೆ ಥೌ. ಅದಕ್ಕೇ ಕೂದಲೆಳೆಯಷ್ಟೇ ತಿರುಗಿಸಬೇಕು. ಮೊದಮೊದಲು ಅಳತೆ ಕಮ್ಮಿಯಾಗುವ ಬದಲು ಜಾಸ್ತಿಯಾದರೆ ಗಾಬರಿ ಬೇಡ. ಒಡಲು ಹಿಂಡಿದಾಗ ಹೆಗಲು ಮುಂದಕ್ಕೆ ಉಬ್ಬುತ್ತದೆ, ಟೂತ್‌ಪೇಸ್ಟ್ ಹಿಸುಕಿದ ಹಾಗೆ. ಇನ್ನೂ ಕೆಳಗೆ ಹೋದರೆ ಅದು ಹಿಂದಕ್ಕೆ ಬರಲು ಶುರು ಮಾಡುತ್ತದೆ. ಎರಡು ಥೌ ಹಿಂದೆ ಬಂದ ಕಡೆ ನಿಲ್ಲಿಸಿ ಲಾಕ್ ರಿಂಗ್ ಬಿಗಿಯಿರಿ.

ಒಂದು ಎಚ್ಚರಿಕೆ. ಫ್ಯಾಕ್ಟರಿಯ ಹೊಸ ತೋಟಾ ಹಾರಿಸಿದರೂ ಈ ಉಂಗುರ ಬರುತ್ತಿದ್ದರೆ ಡೈ ನಿರಪರಾಧಿ, ರೈಫಲಿನ ಹೆಡ್‌ಸ್ಪೇಸ್ ಮೇಲೆ ಅನುಮಾನ. ಹಾರಿಸುವುದನ್ನು ಅಲ್ಲಿಗೇ ನಿಲ್ಲಿಸಿ ಗನ್‌ಸ್ಮಿತ್ ಹತ್ತಿರ ಒಯ್ಯಿರಿ. ಅವರು ಚೇಂಬರ್ ಅಳತೆಯೊಳಗಿದೆಯಾ ಎಂದು ನೋಡುವ ಗೋ, ನೋ-ಗೋ ಗೇಜ್ ಹಾಕಿ ಹತ್ತು ನಿಮಿಷದಲ್ಲಿ ಹೇಳುತ್ತಾರೆ. ಕೇಸಿನ ಮುಂಭಾಗ ಚೇಂಬರಿನಲ್ಲಿ ಉಳಿದಿದ್ದರೂ ಅಷ್ಟೇ. ಅದನ್ನು ಹೊರಗೆ ಎಳೆಯಲೆಂದೇ ಎಕ್ಸ್‌ಟ್ರಾಕ್ಟರ್ ಸಿಗುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಲು ಹೋದರೆ ಚೇಂಬರ್ ಗೀರಿ, ಕೇಸಿಗಿಂತ ನೂರು ಪಟ್ಟು ಖರ್ಚು ತಲೆ ಮೇಲೆ ಬರುತ್ತದೆ.

## ಕೇಸ್ ಬೇಗ ಬೇಗ ಉದ್ದ ಬೆಳೆಯುತ್ತಿದೆ

.308 ಕೇಸಿನ ಗರಿಷ್ಠ ಉದ್ದ 2.015 ಇಂಚು. ಸಾಮಾನ್ಯವಾಗಿ 2.005ಕ್ಕೆ ಕತ್ತರಿಸುತ್ತಾರೆ. ಉದ್ದ ಮೀರಿದರೆ ಬಾಯಿಯ ಅಂಚು ಚೇಂಬರಿನ ತುದಿಗೆ ಒತ್ತಿ ಗುಂಡನ್ನು ಹಿಡಿದುಕೊಳ್ಳುತ್ತದೆ, ಒತ್ತಡ ಏರುತ್ತದೆ. ಡೈಯಲ್ಲಿ ಒತ್ತಿದ ಮೇಲೆ ಅಳೆಯಿರಿ, ಮುಂಚೆ ಅಲ್ಲ. ಪ್ರತಿ ಸಲವೂ ಐದಾರು ಥೌ ಕತ್ತರಿಸುವ ಹಾಗಿದ್ದರೆ ಆ ಲೋಹ ಎಲ್ಲಿಂದಲೋ ಹರಿದು ಬರುತ್ತಿದೆ ಅಲ್ವಾ? ಮತ್ತೆ ಮೇಲಿನ ಉಂಗುರದ ವಿಭಾಗಕ್ಕೆ ಹೋಗಿ.

## ಗುಂಪು ಹರಡುತ್ತಿದೆ, ತೋಟಾ ಉರುಳಿಸಿದರೆ ಮೂತಿ ಕುಣಿಯುತ್ತಿದೆ

ಕೀಲು ಸೊಟ್ಟಗಿರುವ ಬುಗುರಿ ಆಡಿದ್ದೀರಲ್ಲ? ಸೊಟ್ಟ ತೋಟಾದ ಗುಂಡೂ ಬ್ಯಾರೆಲ್ಲಿಗೆ ಓರೆಯಾಗೇ ನುಗ್ಗುತ್ತದೆ. ಈ ಸೊಟ್ಟತನದ ಅಳತೆಗೆ ರನ್‌ಔಟ್ ಎನ್ನುತ್ತಾರೆ. ಕ್ರಿಕೆಟ್ ಅಲ್ಲ, ಪೀಣ್ಯದ ಲೇತ್ ಮುಂದೆ ನಿಂತು ಡಯಲ್ ಹಿಡಿದವರಿಗೆ ಗೊತ್ತಿರುವ ರನ್‌ಔಟ್. ಕಾಲೇಜು ಮುಗಿಸಿ ಒಂದು ವರ್ಷ ನಾನೂ ಅಲ್ಲಿ ನಾಲ್ಕು ದವಡೆಯ ಚಕ್ಕಿನಲ್ಲಿ ಸರಳು ನಡುವಿಗೆ ತರುತ್ತಾ ನಿಂತವನು. ಇಲ್ಲಿನ ಕೆಲಸವೂ ಅದೇ.

ಮೊದಲು ಒಂದು ಕಹಿ ಮಾತು. ಟಾರ್ಗೆಟ್ ಮೇಲೆ ತೂತುಗಳ ಗುಂಪು ಹರಡಿದರೆ ಬಹುಪಾಲು ಕಾರಣ ಬೇರೆ ಕಡೆ ಇರುತ್ತದೆ. ಸ್ಕೋಪಿನ ಸ್ಕ್ರೂ, ರೈಫಲಿನ ಹಿಡಿಮರದ ಸ್ಕ್ರೂ, ಬ್ಯಾರೆಲ್ ಮಸಿ, ಟ್ರಿಗರ್ ಮೇಲಿನ ನಮ್ಮ ಬೆರಳು. ಅವನ್ನೆಲ್ಲ ನೋಡಿ ಬನ್ನಿ. ಎಲ್ಲ ಸರಿ ಇದ್ದರೆ ಮಾತ್ರ ಮುಂದೆ ಓದಿ.

ಪುಕ್ಕಟೆ ಪರೀಕ್ಷೆ: ಕಿಟಕಿ ಗಾಜಿನ ತುಂಡೊಂದರ ಮೇಲೆ ತೋಟಾ ಉರುಳಿಸಿ, ಗುಂಡಿನ ತುದಿ ನೋಡಿ. ತುದಿ ಮೇಲೆ ಕೆಳಗೆ ಕುಣಿದರೆ ಎದ್ದು ಕಾಣುವಷ್ಟು ಸೊಟ್ಟ. ಕಾಣದಿದ್ದರೆ ಸರಿ ಇದೆ ಅಂತಲ್ಲ. ನಾಲ್ಕೈದು ಥೌ ಕಣ್ಣಿಗೆ ಕಾಣುವುದಿಲ್ಲ.

ಮುಂದಿನ ಮೆಟ್ಟಿಲು ರನ್‌ಔಟ್ ಗೇಜ್. ಕೇಸ್ ಕೂರಿಸಲು V ಆಕಾರದ ಗಾಡಿಯ ಎರಡು ವಿ-ಬ್ಲಾಕ್, ಅಲುಗಾಟವನ್ನು ಮುಳ್ಳಿನಲ್ಲಿ ತೋರಿಸುವ ಒಂದು ಡಯಲ್ ಇಂಡಿಕೇಟರ್. ಕೇಸನ್ನು ಬೆರಳಲ್ಲಿ ನಿಧಾನ ತಿರುಗಿಸಿ ಮುಳ್ಳು ಎಲ್ಲಿಂದ ಎಲ್ಲಿಗೆ ಹೋಯಿತು ನೋಡುವುದು. ಮುಳ್ಳು ನಾಲ್ಕು ಥೌ ಆಡಿದರೆ ನಡು ತಪ್ಪಿದ್ದು ಎರಡು ಥೌ ಮಾತ್ರ, ಅರ್ಧ.

ಗೇಜ್ ಕೊಂಡವರು ಮಾಡುವ ತಪ್ಪು ಒಂದೇ. ತುಂಬಿ ಮುಗಿದ ತೋಟಾ ಅಳೆದು, ಆರು ಥೌ ಇದೆ ಎಂದು ತಲೆ ಮೇಲೆ ಕೈ ಹೊತ್ತು, ಹೊಸ ಸೀಟಿಂಗ್ ಡೈ (ಗುಂಡು ಕೂರಿಸುವ ಡೈ) ಆರ್ಡರ್ ಮಾಡುವುದು. ನಾನೂ ಮಾಡಿದ್ದೆ. ಹೊಸ ಡೈ ಬಂತು, ಆರು ಥೌ ಆರೇ ಉಳಿಯಿತು. ಎಲ್ಲಿ ಸೊಟ್ಟಗಾಯಿತು ಎಂದು ತಿಳಿಯಬೇಕಾದರೆ ದಾರಿಯುದ್ದಕ್ಕೂ ಅಳೆಯಬೇಕು. ಹಾರಿಸಿ ತಂದ ಕೇಸಿನ ಕತ್ತು ಒಂದು ಸಲ. ಎಕ್ಸ್‌ಪ್ಯಾಂಡರ್ ಗುಂಡಿ (ಡೈಯೊಳಗಿನ ಸರಳಿನಲ್ಲಿದ್ದು ಕತ್ತನ್ನು ಒಳಗಿಂದ ಅಗಲಿಸುವ ಉಂಡೆ) ಬಿಚ್ಚಿಟ್ಟು ಡೈಯಲ್ಲಿ ಒತ್ತಿದ ಮೇಲೆ ಒಂದು ಸಲ. ಗುಂಡಿ ಹಾಕಿ ಒತ್ತಿದ ಮೇಲೆ ಒಂದು ಸಲ. ಗುಂಡು ಕೂರಿಸಿದ ಮೇಲೆ ಕೊನೆಯದಾಗಿ, ಬಾಯಿಯ ಸ್ವಲ್ಪ ಮುಂದೆ ಗುಂಡಿನ ಮೇಲೆ ಡಯಲ್ ಇಟ್ಟು. ಹತ್ತು ಕೇಸಿಗೆ ಮಾರ್ಕರಿನಲ್ಲಿ ನಂಬರ್ ಬರೆದು ಮಾಡಿ.

ನನ್ನ ಹತ್ತು ಕೇಸುಗಳ ಲೆಕ್ಕ ಹೀಗಿತ್ತು. ಹಾರಿಸಿದ ಮೇಲೆ ಒಂದು ಥೌ. ಗುಂಡಿ ಇಲ್ಲದೆ ಒತ್ತಿದರೆ ಒಂದೂವರೆ. ಗುಂಡಿ ಹಾಕಿ ಒತ್ತಿದರೆ ಐದು. ಗುಂಡು ಕೂರಿಸಿದ ಮೇಲೆ ಆರು. ಕಳ್ಳ ಯಾರು ಅಂತ ಇನ್ನು ಹೇಳಬೇಕಾಗಿಲ್ಲ.

ಹಾರಿಸಿದ ಕೇಸೇ ಸೊಟ್ಟಗಿದ್ದರೆ. ಚೇಂಬರಿನಲ್ಲಿ ಹಿಗ್ಗಿ ಬಂದ ಕೇಸ್ ಸಾಮಾನ್ಯವಾಗಿ ನೇರವಾಗೇ ಇರಬೇಕು. ಒಂದೆರಡು ಮಾತ್ರ ಸೊಟ್ಟಗಿದ್ದರೆ ಆ ಕೇಸಿನ ಗೋಡೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ತೆಳು ಕಡೆ ಜಾಸ್ತಿ ಹಿಗ್ಗಿ ಕೇಸ್ ಬಾಳೆಕಾಯಿಯ ಹಾಗೆ ಬಾಗುತ್ತದೆ. ಇದಕ್ಕೆ ಮದ್ದಿಲ್ಲ. ಬೇರೆ ಡಬ್ಬಿಗೆ ಹಾಕಿ, ಅಭ್ಯಾಸಕ್ಕೆ ಬಳಸಿ. ಎಲ್ಲವೂ ಒಂದೇ ಥರ ಸೊಟ್ಟಗಿದ್ದರೆ ಚೇಂಬರ್ ತೋರಿಸಲು ಗನ್‌ಸ್ಮಿತ್ ಬಳಿ ಹೋಗಿ.

ಗುಂಡಿ ಎಳೆದಾಗ ಸೊಟ್ಟಗಾದರೆ. ಅತಿ ಹೆಚ್ಚು ಮನೆಗಳಲ್ಲಿ ಕಾಯಿಲೆ ಇದೇ. ಹಾರಿಸಿದ ನನ್ನ ಕೇಸಿನ ಕತ್ತಿನ ಹೊರ ವ್ಯಾಸ 0.343 ಇಂಚು. ಗುಂಡು ಕೂತಾಗ ಅದು 0.336. ಹಿಡಿತಕ್ಕೆ 0.334ಕ್ಕೆ ಹಿಂಡಿದರೆ ಸಾಕಿತ್ತು. ನನ್ನ ಡೈ 0.329ಕ್ಕೆ ಹಿಂಡುತ್ತಿತ್ತು. ಆಮೇಲೆ ಒಳಗಿನ ಗುಂಡಿ ವಾಪಸ್ ಬರುವಾಗ ಕತ್ತನ್ನು ಒಳಗಿಂದ ಮತ್ತೆ ಅಗಲ ಮಾಡುತ್ತಿತ್ತು. ಆಗ ಕತ್ತಿಗೆ ಹೊರಗಿನಿಂದ ಯಾವ ಆಸರೆಯೂ ಇಲ್ಲ. ಪ್ರೆಸ್ ಹಿಡಿಕೆ ಎತ್ತುವಾಗ ಕೀ... ಎಂದು ಒಂದು ಕಿರುಗುಟ್ಟುವ ಸದ್ದು ಬರುತ್ತದಲ್ಲ, ಅದು ಕತ್ತು ಪಕ್ಕಕ್ಕೆ ವಾಲುವ ಸದ್ದು. ನಾನು ಅದನ್ನು ಎರಡು ವರ್ಷ ಕೇಳಿಸಿಕೊಂಡೂ ಸುಮ್ನಿದ್ದೆ.

ಅಗ್ಗದ ಪರಿಹಾರ ಮೊದಲು. ಕತ್ತಿನ ಒಳಗೆ ನೈಲಾನ್ ಬ್ರಶ್ಶಿನಿಂದ ಸ್ವಲ್ಪ ಲ್ಯೂಬ್ (ಜಾರುವ ಎಣ್ಣೆ) ಹಚ್ಚಿ. ಸದ್ದು ನಿಂತರೆ ಅರ್ಧ ಗೆದ್ದಿರಿ. ನನ್ನ ಐದು ಥೌ ಇಷ್ಟರಲ್ಲೇ ಮೂರಕ್ಕೆ ಇಳಿಯಿತು. ಆಮೇಲೆ ಆ ಲ್ಯೂಬ್ ಒರೆಸಿ, ಇಲ್ಲದಿದ್ದರೆ ಮದ್ದು ಅಂಟುತ್ತದೆ. ಮುಂದಿನದು, ಗುಂಡಿಯ ಸರಳಿನ ನಟ್ ಸ್ವಲ್ಪ ಸಡಿಲ ಮಾಡಿ, ಕೇಸಿನ ಕತ್ತು ಗುಂಡಿಯ ಮೇಲಿರುವಾಗಲೇ ಮತ್ತೆ ಬಿಗಿಯಿರಿ. ಸರಳು ತಾನೇ ನಡುವಿಗೆ ಬರುತ್ತದೆ. ಇನ್ನೂ ಸಾಲದಿದ್ದರೆ ಖರ್ಚು ಮಾಡಿ: ಗುಂಡಿ ತೆಗೆದು ಮ್ಯಾಂಡ್ರೆಲ್ ಡೈ ಹಾಕಿ. ಅದು ಕತ್ತನ್ನು ಎಳೆಯುವುದಿಲ್ಲ, ಮೇಲಿನಿಂದ ಒಳಗೆ ಹೋಗುತ್ತದೆ. ಕೇಸ್ ಬುಡದ ಮೇಲೆ ಗಟ್ಟಿಯಾಗಿ ನಿಂತಿರುತ್ತದೆ. ಕೇಸ್ ಉದ್ದ ಬೆಳೆಯುವುದೂ ಇದರಿಂದ ಕಮ್ಮಿಯಾಗುತ್ತದೆ. ಕತ್ತಿನ ಅಳತೆಗೆ ತಕ್ಕ ಉಂಗುರ ಬದಲಿಸಬಹುದಾದ ಬುಶಿಂಗ್ ಡೈ ಕೊಂಡರೆ ಎಷ್ಟು ಹಿಂಡಬೇಕೋ ಅಷ್ಟೇ ಹಿಂಡಬಹುದು. ಕತ್ತು ಕಮ್ಮಿ ದುಡಿದಷ್ಟೂ ಸೀಳುವುದು ತಡ.

ಗುಂಡು ಕೂರಿಸುವಾಗ ಸೊಟ್ಟಗಾದರೆ. ಕೇಸ್ ಬಾಯಿಯ ಒಳ ಅಂಚನ್ನು ಸರಿಯಾಗಿ ಸವರಿದ್ದೀರಾ ನೋಡಿ. ಗುಂಡನ್ನು ಅರ್ಧ ಒತ್ತಿ, ಕೇಸ್ ಅರ್ಧ ಸುತ್ತು ತಿರುಗಿಸಿ, ಪೂರ್ತಿ ಒತ್ತಿ. ಖರ್ಚಿಲ್ಲ, ಒಂದು ಥೌ ಉಳಿಯಬಹುದು. ಸೀಟಿಂಗ್ ಸರಳಿನ ಗುಳಿ ಗುಂಡಿನ ಮೂತಿಯ ಆಕಾರಕ್ಕೆ ಹೊಂದದಿದ್ದರೆ ಗುಂಡಿನ ಮೇಲೆ ಒಂದು ಪಕ್ಕ ಉಂಗುರದ ಗುರುತು ಬೀಳುತ್ತದೆ. ಉದ್ದ ಮೂತಿಯ ಗುಂಡಿಗೆ ಬೇರೆ ಸರಳು ಸಿಗುತ್ತದೆ. ಲಾಕ್ ರಿಂಗ್ ಕೆಳಗೆ ರಬ್ಬರ್ ಓ-ರಿಂಗ್ ಹಾಕಿ ಡೈ ಸ್ವಲ್ಪ ಆಡಲು ಬಿಡುವವರೂ ಇದ್ದಾರೆ. ನನಗೆ ಅದರಿಂದ ವ್ಯತ್ಯಾಸ ಕಾಣಲಿಲ್ಲ.

ಕತ್ತಿನ ಗೋಡೆ ದಪ್ಪ ಸುತ್ತಲೂ ಒಂದೇ ಇದೆಯಾ ಎಂದು ಬಾಲ್ ಮೈಕ್ರೋಮೀಟರಿನಲ್ಲಿ ನೋಡಬಹುದು. ಒಂದು ಕಡೆ 14 ಥೌ, ಇನ್ನೊಂದು ಕಡೆ 16 ಇದ್ದರೆ ಯಾವ ಡೈ ಬಂದರೂ ಗುಂಡನ್ನು ನಡುವಿಗೆ ತರಲಾರದು. ಕತ್ತನ್ನು ಲೇತಿನ ಹಾಗೆ ಸವರುವ ಉಪಕರಣ ಇದೆ. ಬೆಂಚ್‌ರೆಸ್ಟ್ (ಮೇಜಿನ ಮೇಲೆ ರೈಫಲ್ ಊರಿ ಹೊಡೆಯುವ) ಸ್ಪರ್ಧೆಗೆ ಹೋಗುವವರಿಗೆ ಅದು ಬೇಕು. ಉಳಿದವರು ಆ ಹಣಕ್ಕೆ ಒಳ್ಳೆಯ ಕೇಸ್ ಕೊಳ್ಳುವುದೇ ಮೇಲು. ತುಂಬಿದ ತೋಟಾವನ್ನು ಬಗ್ಗಿಸಿ ನೇರ ಮಾಡುವ ಸಾಧನಗಳನ್ನೂ ಮಾರುತ್ತಾರೆ. ನನಗೆ ಇಷ್ಟವಿಲ್ಲ. ಡಯಲ್ ಮೇಲೆ ಅಂಕಿ ಚಂದ ಕಾಣುತ್ತದೆ, ಕತ್ತಿನ ಹಿಡಿತ ಒಂದು ಕಡೆ ಸಡಿಲವಾಗಿರುತ್ತದೆ.

ಎಷ್ಟಿದ್ದರೆ ಸಾಕು? ಬೇಟೆಗೆ ಬಳಸುವವರು ನಾಲ್ಕು ಥೌ ಒಳಗಿದ್ದರೆ ನೆಮ್ಮದಿಯಾಗಿ ಮಲಗಿ. ದೂರದ ಗುರಿಗೆ ಹೊಡೆಯುವವರು ಎರಡು ಮೂರರ ಒಳಗೆ ನೋಡುತ್ತಾರೆ. ಅದಕ್ಕಿಂತ ಕಮ್ಮಿ ಮಾಡಲು ಹೋಗಿ ನಾನು ಒಂದು ಚಳಿಗಾಲ ಕಳೆದೆ. ಟಾರ್ಗೆಟ್ ಕಾಗದಕ್ಕೆ ಅದು ಗೊತ್ತಾಗಲೇ ಇಲ್ಲ.

## ಕತ್ತು ಕಾಯಿಸಬೇಕಾ?

ಗುಂಡು ಕೂರಿಸುವಾಗ ಒಂದು ಕೇಸಿಗೆ ಜೋರು ಬೇಕು, ಇನ್ನೊಂದಕ್ಕೆ ಬೇಡ. ಒತ್ತಿದ ಮೇಲೂ ಹೆಗಲು ಒಂದೇ ಅಳತೆಗೆ ಬರದೆ ಮತ್ತೆ ಚಿಮ್ಮುತ್ತದೆ. ಹಿತ್ತಾಳೆ ಗಟ್ಟಿಯಾದ ಗುರುತು ಇದು. ಕತ್ತನ್ನು ಕಾಯಿಸಿ ಮೆತ್ತಗೆ ಮಾಡಬಹುದು. ಕತ್ತಿಗೆ ಕೆಲವು ಸೆಕೆಂಡು ಮಾತ್ರ ಜ್ವಾಲೆ, ಸುಮಾರು 400 ಡಿಗ್ರಿ ಸೆಲ್ಸಿಯಸ್. ಆ ಶಾಖಕ್ಕೆ ಬಣ್ಣ ಬದಲಿಸುವ ಬಣ್ಣದ ದ್ರವ ಸಿಗುತ್ತದೆ, ಅದನ್ನು ಹಚ್ಚಿ ನೋಡಿಕೊಳ್ಳಿ. ಕೆಂಪಗೆ ಧಗಧಗಿಸಿದರೆ ಅತಿಯಾಯಿತು.

ಬುಡ ಎಂದೂ ಕಾಯಬಾರದು. ಅಷ್ಟು ಒತ್ತಡ ಹಿಡಿದು ನಿಲ್ಲಿಸುವುದು ಬುಡದ ಗಟ್ಟಿತನ. ಅದು ಮೆತ್ತಗಾದರೆ ಮತ್ತೆ ಗಟ್ಟಿ ಮಾಡುವ ದಾರಿಯಿಲ್ಲ, ಆ ಕೇಸ್ ಎಸೆಯಲೇಬೇಕು. ಅದಕ್ಕೇ ಕೇಸುಗಳನ್ನು ಓವನ್ನಿನಲ್ಲಿ ಇಡುವ, ಕೆಂಡದಲ್ಲಿ ಹಾಕುವ ಸಾಹಸ ಬೇಡ. ಪ್ರೈಮರ್ ಇರುವ ಕೇಸಾಗಲಿ, ತುಂಬಿದ ತೋಟಾ ಆಗಲಿ ಬೆಂಕಿಯ ಹತ್ತಿರಕ್ಕೂ ಬರಕೂಡದು. ಕೈ ನಡುಗುವವರು, ಆತುರದವರು ಇದನ್ನು ಬಿಟ್ಟುಬಿಡಿ. ಹೊಸ ಕೇಸ್ ಕೊಂಡರೆ ಆಯಿತು.

ಈಗ ನನ್ನ ಡಬ್ಬಿಗಳ ಮುಚ್ಚಳದ ಮೇಲೆ ಪೆನ್ಸಿಲ್ ಗೀಟುಗಳಿವೆ, ಒಂದು ಸಲ ಹಾರಿಸಿದರೆ ಒಂದು ಗೀಟು. ಪ್ರತಿ ಗೀಟಿನ ಮುಂದೆ ಹೆಗಲಿನ ಅಳತೆ. ಡೈ ಸರಿ ಮಾಡಿದ ಮೇಲಿನ ಮೊದಲ ಡಬ್ಬಿಗೆ ಒಂಬತ್ತು ಗೀಟು ಬಿದ್ದಿದೆ. ಮೊನ್ನೆ ಅದರಿಂದ ಒಂದು ಕೇಸ್ ತೆಗೆದು ಹ್ಯಾಕ್ಸಾದಲ್ಲಿ ಸೀಳಿದೆ. ಗೋಡೆ ನುಣ್ಣಗಿತ್ತು. ಅದನ್ನು ಹಳೆಯ ಸೀಳಿದ ಕೇಸಿನ ಪಕ್ಕದಲ್ಲೇ, ಪ್ರೆಸ್ ಮೇಲಿನ ಶೆಲ್ಫಿನಲ್ಲಿ ಇಟ್ಟಿದ್ದೇನೆ.